ಅದಲುಬದಲಾದ ಎರಡು ವಾಗ್ದಾನಗಳು

ನಾನು ಈವರೆಗೆ ಒಂದೇ ಒಂದು ಕಳ್ಳತನ ಮಾಡಿದ್ದೇನೆ. ಅದನ್ನೂ ಹೊಸ ವರ್ಷದ ಮೊದಲ ದಿನ, ಚರ್ಚಿನ ಗೇಟಿನ ಹತ್ತಿರ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಮಾಡಿದೆ. ಕದ್ದದ್ದು ಪರರ ವಸ್ತುವಲ್ಲ, ಸ್ವಂತ ಹೆಂಡತಿಯದು. ಮಾಲು ಬೀಡಿಯಷ್ಟು ಉದ್ದ, ಬೀಡಿಯಷ್ಟೇ ದಪ್ಪ ಇತ್ತು. ಅದಕ್ಕೆ ಪ್ರತಿಯಾಗಿ ಅಷ್ಟೇ ಗಾತ್ರದ ನನ್ನದೊಂದನ್ನು ಅವಳಿಗೆ ಕೊಟ್ಟಿದ್ದರಿಂದ, ಇದು ಕಳ್ಳತನವೋ ವ್ಯಾಪಾರವೋ ಎಂದು ಆ ವರ್ಷದ ಆಗಸ್ಟ್ ತಿಂಗಳವರೆಗೂ ನನ್ನೊಳಗೆ ವಾದ ನಡೆಯುತ್ತಿತ್ತು. ವಕೀಲನೂ ನಾನೇ, ಆರೋಪಿಯೂ ನಾನೇ ಆಗಿದ್ದರಿಂದ ತೀರ್ಪು ಮಾತ್ರ ಬರುತ್ತಿರಲಿಲ್ಲ.

ಗೊತ್ತಿಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕ್ರೈಸ್ತ ಸಭೆಯಲ್ಲಿ ಹೊಸ ವರ್ಷದ ಬೆಳಗಿನ ಆರಾಧನೆ ಮುಗಿದ ಮೇಲೆ ಒಂದು ಬುಟ್ಟಿ ಬರುತ್ತದೆ. ಅದರ ತುಂಬ ಸುರುಳಿ ಸುತ್ತಿದ ಚೀಟಿಗಳು. ಒಂದೊಂದರಲ್ಲೂ ದೇವರ ವಾಕ್ಯದಿಂದ ಆಯ್ದ ಒಂದು ವಾಗ್ದಾನ. ಕಣ್ಣು ಮುಚ್ಚಿ ಪ್ರಾರ್ಥಿಸಿ, ಕೈಗೆ ಬಂದದ್ದನ್ನು ಎತ್ತಿಕೊಳ್ಳಬೇಕು. ಅದು ಆ ವರ್ಷಕ್ಕೆ ದೇವರು ನಿಮಗೆಂದೇ ಕೊಟ್ಟ ಮಾತು. ಮನೆಗೆ ಒಯ್ದು ಕಪಾಟಿನ ಬಾಗಿಲ ಒಳಮೈಗೆ ಅಂಟಿಸಿ, ಕೆಳಗೆ ಹೆಸರು ಬರೆದು, ಕಷ್ಟ ಬಂದಾಗಲೆಲ್ಲ ಬಾಗಿಲು ತೆರೆದು ಓದಿಕೊಳ್ಳುವುದು ರೂಢಿ. ನಮ್ಮ ಪಕ್ಕದ ಮನೆಯ ಗಂಗವ್ವನವರಿಗೆ ಇದನ್ನು ಮೊದಲ ಸಲ ವಿವರಿಸಿದಾಗ ಅವರು ಬಹಳ ಹೊತ್ತು ಯೋಚನೆ ಮಾಡಿದರು. “ನಾವು ದೇವರಿಗೆ ಹರಕಿ ಹೊರತೇವಿ. ನಿಮ್ಮಲ್ಲಿ ದೇವರ ನಿಮಗ ಹರಕಿ ಹೊರತಾನೇನ್ರಿ?” ಎಂದು ಕೇಳಿದರು. ನಾನು ಓದಿದ ಎಷ್ಟೋ ದಪ್ಪ ಪುಸ್ತಕಗಳಲ್ಲಿ ವಾಗ್ದಾನ ಎಂಬುದಕ್ಕೆ ಇಷ್ಟು ಸರಳವಾದ ಅರ್ಥ ಸಿಕ್ಕಿರಲಿಲ್ಲ.

ಆ ಚೀಟಿಗಳನ್ನು ಪ್ರತಿವರ್ಷ ಟೈಪ್ ಮಾಡಿ, ಕತ್ತರಿಸಿ, ಸುರುಳಿ ಸುತ್ತುವವನು ನಾನೇ. ತೊಂಬತ್ತರ ದಶಕದಲ್ಲಿ ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಮೂರು ಇಂಗ್ಲಿಷ್ ಯಂತ್ರ, ಎರಡು ಕನ್ನಡ ಯಂತ್ರ, ಒಂದು ಗೋಡೆ ಗಡಿಯಾರ, ಮತ್ತು ಕೈಗಳಿದ್ದ ಒಂದು ಮರದ ಕುರ್ಚಿ. ಆ ಕುರ್ಚಿ ನನ್ನದು. ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು ಎನ್ನುತ್ತಾರೆ. ಕೂತೇ ದುಡಿಯುವ ಕಸುಬು ಹುಡುಕಿಕೊಂಡು ನಾನು ಆ ಗಾದೆಯ ಬಾಯಿ ಮುಚ್ಚಿಸಿದ್ದೆ. ಮನೆಯಿಂದ ಇನ್‌ಸ್ಟಿಟ್ಯೂಟಿಗೆ ಹತ್ತು ನಿಮಿಷದ ದಾರಿ. ಅದಕ್ಕೂ ಯಾರಾದರೂ ಸ್ಕೂಟರಿನಲ್ಲಿ ಬರುತ್ತಾರೇನೋ ಎಂದು ಬಾಗಿಲಲ್ಲಿ ಇಪ್ಪತ್ತು ನಿಮಿಷ ನಿಂತು ಕಾಯುತ್ತಿದ್ದೆ. ಒಂದು ಜೊತೆ ಚಪ್ಪಲಿ ನನಗೆ ನಾಲ್ಕು ವರ್ಷ ಬರುತ್ತಿತ್ತು.

ನನ್ನ ಹೆಂಡತಿ ಮನೋರಮಾಳದು ಇದಕ್ಕೆ ತದ್ವಿರುದ್ಧ. ಅವಳು ಸರಕಾರಿ ನರ್ಸು. ದೊಡವಾಡದ ಕಡೆಯ ಮೂರು ಹಳ್ಳಿಗಳು ಅವಳ ಪಾಲಿಗೆ. ಬಸ್ಸಿಳಿದು, ಲಸಿಕೆಯ ಡಬ್ಬಿ ಹೆಗಲಿಗೆ ಹಾಕಿ, ಎರೆಹೊಲಗಳ ನಡುವಿನ ದಾರಿಯಲ್ಲಿ ಹಳ್ಳಿಯಿಂದ ಹಳ್ಳಿಗೆ ನಡೆಯುವುದೇ ಅವಳ ನೌಕರಿ. ಅಲ್ಲಿ ಅವಳಿಗೆ ನರ್ಸಬಾಯಾರು ಎಂದು ಹೆಸರು. ಅರ್ಧ ಊರಿನ ಮಕ್ಕಳು ಅವಳ ಕೈಯಲ್ಲೇ ಹುಟ್ಟಿದ್ದವು, ಉಳಿದರ್ಧ ಅವಳ ಸೂಜಿಗೆ ಹೆದರಿ ಕಣಜದ ಹಿಂದೆ ಅಡಗುತ್ತಿದ್ದವು. ಮನೆಯಲ್ಲೂ ಅವಳು ಕೂತದ್ದನ್ನು ನಾನು ಪ್ರಾರ್ಥನೆಯ ಹೊತ್ತು ಬಿಟ್ಟರೆ ನೋಡಿದ್ದು ಕಡಿಮೆ.

ಆ ವರ್ಷ ಬುಟ್ಟಿಯಿಂದ ಚೀಟಿ ಎತ್ತಿಕೊಂಡು ಹೊರಗೆ ಬಂದವಳೇ ಅವಳು ನನ್ನ ಕೈಗೆ ಅದನ್ನು ಕೊಟ್ಟಳು. “ಚಾಳೀಸ ಮನ್ಯಾಗ ಬಿಟ್ಟು ಬಂದೇನಿ. ನಿಮ್ಮ ಕಿಸೇದಾಗ ಇಟ್ಕೋರ್ರಿ, ಮನಿಗೆ ಹೋಗಿ ಓದೂಣು,” ಎಂದು ಹೇಳಿ, ಕನ್ನಡಕವಿಲ್ಲದೆ ಅಕ್ಷರ ಕಾಣದ ಅವಳು ಹೆಂಗಸರ ಗುಂಪಿಗೆ ಹೋದಳು. ನಾನು ಗೇಟಿನ ಹತ್ತಿರ ನಿಂತು ಎರಡೂ ಸುರುಳಿ ಬಿಚ್ಚಿದೆ. ನನಗೆ ಬಂದದ್ದು, ಕರ್ತನನ್ನು ನಂಬಿ ಕಾದವರು ನಡೆದರೂ ಬಳಲುವುದಿಲ್ಲ ಎಂಬ ಮಾತು. ಅವಳಿಗೆ ಬಂದದ್ದು, ಸುಮ್ಮನಿದ್ದು ನಾನೇ ದೇವರೆಂದು ತಿಳಿದುಕೋ ಎಂಬ ಮಾತು.

ನೀವೇ ಹೇಳಿ, ಯಾರಿಗೆ ಯಾವುದು ಒಪ್ಪುತ್ತದೆ? ದಿನಕ್ಕೆ ಎಂಟು ಮೈಲು ನಡೆಯುವವಳಿಗೆ ಸುಮ್ಮನಿರು ಎಂದೂ, ಕುರ್ಚಿ ಬಿಟ್ಟೇಳದವನಿಗೆ ನಡೆ ಎಂದೂ ಹೇಳುವುದರಲ್ಲಿ ಏನೋ ಕೈತಪ್ಪು ಆಗಿದೆ ಎಂದು ನನಗೆ ಖಾತ್ರಿಯಾಯಿತು. ದೇವರ ಕೈತಪ್ಪು ಎನ್ನಲು ಧೈರ್ಯವಿರಲಿಲ್ಲ, ಬುಟ್ಟಿ ಅಲುಗಾಡಿಸಿದ ಸಭಾಪಾಲಕರ ಕೈತಪ್ಪು ಎಂದುಕೊಂಡೆ. ಟೈಪ್ ಮಾಡುವವನ ಕೆಲಸವೇ ತಪ್ಪು ತಿದ್ದುವುದು. ಹೀಗಾಗಿ ತಿದ್ದಿದೆ. ಅವಳದು ನನ್ನ ಎಡಗಡೆಯ ಜೇಬಿಗೆ, ನನ್ನದು ಬಲಗಡೆಯ ಜೇಬಿಗೆ ಹೋದವು. ನಿಜ ಹೇಳಬೇಕೆಂದರೆ, ಸುಮ್ಮನೆ ಕೂಡಲು ಸಾಕ್ಷಾತ್ ದೇವರ ಅಪ್ಪಣೆಯೇ ಸಿಕ್ಕಿತಲ್ಲ ಎಂಬ ಖುಷಿಯೇ ನನಗೆ ಹೆಚ್ಚಾಗಿತ್ತು. ಮನೆಗೆ ಬಂದು ಅವಳಿಗೆ ನಡೆಯುವ ಚೀಟಿ ಓದಿ ಹೇಳಿದೆ. ಅವಳ ಮುಖ ಅರಳಿತು. “ನನಗಂತನ ಬರದಂಗ ಐತಿ ನೋಡ್ರಿ,” ಎಂದಳು. ಎರಡನ್ನೂ ಕಪಾಟಿಗೆ ಅಂಟಿಸಿ, ಕೆಳಗೆ ಅದಲುಬದಲು ಹೆಸರು ಬರೆದೆ.

ಫೆಬ್ರವರಿ ಕೊನೆಯ ವಾರ ಅವಳು ಹಳ್ಳ ದಾಟುವಾಗ ಹಾಸುಗಲ್ಲಿನ ಪಾಚಿಗೆ ಕಾಲು ಜಾರಿ ಬಿದ್ದಳು. ತೊಡೆಯ ಎಲುಬು ಮುರಿಯಿತು. ಬಿದ್ದ ಹೊತ್ತಿನಲ್ಲೂ ಲಸಿಕೆಯ ಡಬ್ಬಿಯನ್ನು ಎರಡೂ ಕೈಯಿಂದ ಮೇಲೆತ್ತಿ ಹಿಡಿದಿದ್ದಳಂತೆ, ಒಂದು ಬಾಟಲಿಯೂ ಒಡೆಯಲಿಲ್ಲ. ಬೆಳಗಾವಿಯ ದೊಡ್ಡ ಆಸ್ಪತ್ರೆಯಲ್ಲಿ ಒಳಗೆ ಸಲಾಕೆ ಹಾಕಿದರು. ಮೂರು ತಿಂಗಳು ಮಂಚ ಬಿಟ್ಟು ಇಳಿಯಕೂಡದು ಎಂದು ಮನೆಗೆ ಕಳಿಸಿದರು. ಅವಳ ಕಾಲಿಗೆ ದೇವರು ಕೊಟ್ಟ ಮಾತು ತೆರೆದಿಟ್ಟ ಕಪಾಟಿನ ಬಾಗಿಲ ಮೇಲೆ ನನ್ನ ಯಂತ್ರದ ಅಕ್ಷರದಲ್ಲಿ ಹೊಳೆಯುತ್ತಿತ್ತು.

ನೋಡಲು ಬಂದ ಗಂಗವ್ವನವರು ಕಪಾಟಿನ ಕಡೆಗೊಮ್ಮೆ, ಕಾಲಿನ ಕಡೆಗೊಮ್ಮೆ ನೋಡಿ ಮನಸ್ಸಿನಲ್ಲಿದ್ದುದನ್ನು ಆಡಿಯೇಬಿಟ್ಟರು. “ಅಲ್ರಿ ಬಾಯಾರ, ನಡೀತಿ ಅಂತ ಚೀಟಿ ಕೊಟ್ಟು ಕಾಲ ಮುರದಾನಲ್ರಿ ನಿಮ್ಮ ದೇವರು.”

ಮನೋರಮಾ ಮಲಗಿದಲ್ಲಿಂದಲೇ ನಕ್ಕಳು. “ವರ್ಷಕ್ಕ ಹನ್ನೆರಡು ತಿಂಗಳು ಗಂಗವ್ವಾರ. ಈಗ ಎರಡ ಮುಗದಾವು. ಇನ್ನೂ ಹತ್ತ ಅದಾವು ಅವನ ಕೈಯಾಗ.”

ಗಂಗವ್ವನವರಿಗೆ ಈ ಲೆಕ್ಕ ಹಿಡಿಸಿತು. ತಮ್ಮ ಕಡೆಯಿಂದಲೂ ಇರಲಿ ಎಂದು, ನರ್ಸಬಾಯಾರು ನಡೆದಾಡುವಂತಾದರೆ ಸವದತ್ತಿ ಗುಡ್ಡಕ್ಕೆ ಬಂದು ಹಡಲಿಗೆ ಎಂಬ ನೈವೇದ್ಯದ ಬುಟ್ಟಿ ತುಂಬಿಸುತ್ತೇನೆಂದು ಯಲ್ಲಮ್ಮನಿಗೆ ಹರಕೆ ಹೊತ್ತರು. ಅಡುಗೆ ಮನೆಯಲ್ಲಿ ಚಹಾ ಕಾಯಿಸುತ್ತಿದ್ದ ನಾನು ಮಾತ್ರ ಬೆವರುತ್ತಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಹಾಗೆ, ಯಾರಾದರೂ ವಾಗ್ದಾನ ಎಂದರೆ ನನ್ನ ಕೈ ಎಡಗಡೆಯ ಜೇಬಿಗೆ ಹೋಗುತ್ತಿತ್ತು. ಇವಳು ಯಾವ ಮಾತನ್ನು ಹಿಡಿದುಕೊಂಡು ಇಷ್ಟು ಗಟ್ಟಿಯಾಗಿದ್ದಾಳೋ ಆ ಮಾತು ಇವಳದಲ್ಲ. ಅದು ನನ್ನ ಹೆಸರಿಗೆ ಬಂದದ್ದು. ಸುಮ್ಮನಿರು ಎಂದು ದೇವರು ಮೊದಲೇ ಎಚ್ಚರಿಸಿದ್ದನ್ನು ನಾನು ಮುಚ್ಚಿಟ್ಟು, ನಡೆ ನಡೆ ಎಂದು ಅವಳನ್ನು ಹಳ್ಳಕ್ಕೆ ಕಳಿಸಿದೆನೇನೋ ಎಂಬ ಯೋಚನೆ ನನ್ನನ್ನು ಬಿಡಲಿಲ್ಲ.

ದೇವರ ವಾಕ್ಯದಲ್ಲಿ ಬರುವ ನಮ್ಮ ಮೂಲಪಿತೃಗಳಲ್ಲಿ ಒಬ್ಬನ ಕತೆ ನಿಮಗೆ ಗೊತ್ತಿರಬಹುದು. ಅಣ್ಣನಿಗೆ ಸಲ್ಲಬೇಕಾದ ಆಶೀರ್ವಾದವನ್ನು ಕುರುಡ ತಂದೆಯ ಹತ್ತಿರ ಮೋಸದಿಂದ ಗಿಟ್ಟಿಸಿಕೊಂಡು ಓಡಿಹೋದವನು ಅವನು. ಮುಂದೆ ಒಂದು ದಿನ ದೇವರ ದೂತ ಅವನ ತೊಡೆಯ ಕೀಲು ಮುಟ್ಟಿದ, ಅಂದಿನಿಂದ ಅವನು ಕುಂಟುತ್ತ ನಡೆದ. ಚಿಕ್ಕಂದಿನಿಂದ ನೂರು ಸಲ ಕೇಳಿದ ಈ ಕತೆ ಆ ಬೇಸಿಗೆಯಲ್ಲಿ ನನಗೆ ಹೊಸದಾಗಿ ಕೇಳಿಸಿತು. ಅವನ ವಿಷಯದಲ್ಲಾದರೆ ಆಶೀರ್ವಾದ ಕದ್ದವನ ತೊಡೆಗೇ ಪೆಟ್ಟು ಬಿತ್ತು. ನನ್ನ ವಿಷಯದಲ್ಲಿ ಕದ್ದವನ ತೊಡೆ ನೆಟ್ಟಗಿದ್ದು, ಕಳಕೊಂಡವಳ ತೊಡೆ ಮುರಿದಿತ್ತು. ಇದು ಯಾವ ನ್ಯಾಯ ಎಂದು ಕೇಳಲು ನನಗೆ ಮುಖವಿರಲಿಲ್ಲ.

ಇತ್ತ ಮನೆಯ ಕೆಲಸವೆಲ್ಲ ನನ್ನ ಮೇಲೆ ಬಂತು. ನಮ್ಮ ಓಣಿಯ ನಳ ಒಂದು ತುದಿಗೆ, ಮನೆ ಇನ್ನೊಂದು ತುದಿಗೆ. ನೀರು ಬಿಟ್ಟ ದಿನ ಹನ್ನೆರಡು ಕೊಡ. ರೊಟ್ಟಿ ಬಡಿಯಲು ಗಂಗವ್ವನವರು ಕಲಿಸಿದರು. ಮೊದಲ ತಿಂಗಳು ನನ್ನ ಕೈಯ ಒಂದೊಂದು ಜೋಳದ ರೊಟ್ಟಿಯೂ ಒಂದೊಂದು ದೇಶದ ನಕಾಶೆಯ ಹಾಗಿರುತ್ತಿತ್ತು. ಅವಳಿಗೆ ಮಗ್ಗುಲು ಬದಲಿಸಲು, ಔಷಧ ಕೊಡಲು ದಿನಕ್ಕೆ ನಾಲ್ಕು ಸಲ ಇನ್‌ಸ್ಟಿಟ್ಯೂಟಿನಿಂದ ಮನೆಗೆ ಬರುತ್ತಿದ್ದೆ. ಸ್ಕೂಟರಿಗೆ ಕಾಯುತ್ತ ನಿಂತರೆ ಅವಳು ದಾಹದಿಂದ ಕಾಯುತ್ತಿದ್ದಾಳೆಂದು ನೆನಪಾಗುತ್ತಿತ್ತು, ನಡೆದುಬಿಡುತ್ತಿದ್ದೆ.

ಅಷ್ಟಕ್ಕೇ ಮುಗಿಯಲಿಲ್ಲ. ಅವಳ ಬದಲಿಗೆ ಬೇರೆ ಹಳ್ಳಿಯ ನರ್ಸು ವಾರಕ್ಕೆ ಎರಡೇ ದಿನ ಬರುತ್ತಿದ್ದಳು. ಮಂಚದ ಮೇಲೆ ಮಲಗಿದ ಇವಳಿಗೆ, ಇಂಥ ಬಸುರಿ ರಕ್ತದ ಗುಳಿಗೆ ನುಂಗುತ್ತಾಳೋ ಇಲ್ಲವೋ, ಇಂಥವಳಿಗೆ ದಿನ ತುಂಬಿದವೋ ಏನೋ ಎಂಬುದೇ ಚಿಂತೆ. “ಐತವಾರ ನಿಮಗ ಸೂಟಿ ಅಲ್ರಿ? ಆರಾಧನೆ ಮುಗಿಸಿ ಒಂದೀಟ ಹೋಗಿ ಕೇಳಿ ಬರ್ರಿ,” ಎಂದಳು. ಆ ಒಂದೀಟು ಏಳು ಮೈಲು. ನಾನು, ಕೊಡೆ ಹಿಡಿದ ಟೈಪಿಂಗ್ ಮಾಸ್ತರ, ಪರರ ಮನೆಯ ಬಾಗಿಲಲ್ಲಿ ನಿಂತು ಬಸುರಿಯರ ಯೋಗಕ್ಷೇಮ ಹೇಗೆ ಕೇಳುವುದು? ಮೊದಲ ಸಲ ಹನುಮಪ್ಪನ ಕಟ್ಟೆಯ ಹತ್ತಿರ ಅರ್ಧ ಗಂಟೆ ಸುಮ್ಮನೆ ನಿಂತೆ. ಕೊನೆಗೆ ಒಬ್ಬ ಮುದುಕಿ ನನ್ನ ಸಂಕಟ ನೋಡಿ ಓಣಿಗೆಲ್ಲ ಕೇಳುವಂತೆ ಕೂಗಿದಳು. “ನರ್ಸಬಾಯಾರ ಯಜಮಾನ್ರು ಬಂದಾರ. ಬಸರ ಇದ್ದಾರೆಲ್ಲ ಹೊರಗ ಬರ್ರಿ.”

ಅವರು ಬಂದರು. ನಾನು ನೆಲ ನೋಡುತ್ತ ಚೀಟಿಯಲ್ಲಿ ಬರೆದುಕೊಂಡ ಪ್ರಶ್ನೆಗಳನ್ನು ಕೇಳಿದೆ, ಅವರು ಸೆರಗಿನಲ್ಲಿ ನಗುತ್ತ ಉತ್ತರ ಹೇಳಿದರು. ಆಮೇಲೆ ಪ್ರತಿ ಐತವಾರ ಹೋದೆ. ನಾಲ್ಕಾರು ವಾರದ ಮೇಲೆ ನಾಚಿಕೆ ನನಗೂ ಹೋಯಿತು, ಅವರಿಗೂ ಹೋಯಿತು. ಚಪ್ಪಲಿಯೂ ಹೋಯಿತು. ಬಸ್ ಸ್ಟ್ಯಾಂಡಿನ ಚಪ್ಪಲಿ ರಿಪೇರಿಯವನು, “ಏನ್ರಿ ಸರ, ದಂಡಿಗೆ ಸೇರೀರೇನು?” ಎಂದು ಚೇಷ್ಟೆ ಮಾಡಿದ.

ಮೇ ತಿಂಗಳ ಕೊನೆಗೆ ಎಕ್ಸ್‌ರೇ ತೆಗೆಸಿದೆವು. ಎಲುಬು ಕೂಡಿರಲಿಲ್ಲ. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಇನ್ನೂ ಮೂರು ತಿಂಗಳು ಕಾಯೋಣ, ಆಗಲೂ ಕೂಡದಿದ್ದರೆ ಮತ್ತೆ ಕೊಯ್ಯಬೇಕಾಗುತ್ತದೆ, ಆಮೇಲೆ ಕಾಲು ಗಿಡ್ಡವಾಗಬಹುದು, ಹಳ್ಳಿ ಸುತ್ತುವ ಕೆಲಸವನ್ನಂತೂ ಮರೆತುಬಿಡಿ ಎಂದರು. ವಾಪಸು ಬರುವಾಗ ಬಾಡಿಗೆ ಗಾಡಿಯಲ್ಲಿ ಅವಳು ಕಿಟಕಿಯಾಚೆ ನೋಡುತ್ತ ಮಲಗಿದ್ದಳು. ಅರ್ಧ ದಾರಿ ದಾಟಿದ ಮೇಲೆ, “ಹೆದರಬ್ಯಾಡ್ರಿ, ಚೀಟಿ ಐತಲ್ಲ,” ಎಂದು ನನಗೇ ಧೈರ್ಯ ಹೇಳಿದಳು. ಆ ಕ್ಷಣ ಗಾಡಿಯಿಂದ ಇಳಿದು ಹೊಲದಲ್ಲಿ ಕೂತು ಅಳಬೇಕೆನಿಸಿತು ನನಗೆ.

ಮನುಷ್ಯರ ಮಾತಿನ ಮೇಲೆ ನಾನು ಒಂದು ಪ್ರಬಂಧ ಬರೆಯಬಲ್ಲೆ. ನಮ್ಮೂರ ದರ್ಜಿ ನಾಳೆ ಬನ್ನಿ ಎಂದರೆ ಅದು ಒಂದು ತಿಂಗಳ ಹೆಸರು. ಕಂಡಕ್ಟರು ಈಗ ಬಿಟ್ಟೆವು ಎಂದರೆ ಇನ್ನೊಂದು ಚಹಾ ಕುಡಿಯಬಹುದು. ಮಾತು ತಪ್ಪುವುದನ್ನು ಇಷ್ಟು ರೂಢಿ ಮಾಡಿಕೊಂಡ ನಾವು ದೇವರ ಮಾತನ್ನೂ ಅದೇ ತಕ್ಕಡಿಯಲ್ಲಿ ತೂಗುತ್ತೇವೆ. ಮನೋರಮಾ ತೂಗಲಿಲ್ಲ. ಅವಳಿಗೆ ಅವನು ಆಡಿದ್ದು ಆಡಿದ್ದೇ. ನನ್ನ ಕಷ್ಟ ಬೇರೆ. ದೇವರು ಮಾತಿಗೆ ತಪ್ಪುತ್ತಾನೆಂಬ ಅನುಮಾನ ನನಗೂ ಇರಲಿಲ್ಲ. ಅವನು ಮಾತು ಕೊಟ್ಟದ್ದು ಯಾರಿಗೆಂಬುದು ನನ್ನೊಬ್ಬನಿಗೇ ಗೊತ್ತಿತ್ತು, ಅದೇ ಕಷ್ಟ.

ಆಗಸ್ಟಿನಲ್ಲಿ ಆರೋಗ್ಯ ಇಲಾಖೆಯಿಂದ ಒಂದು ಪತ್ರ ಬಂತು. ತಾಲ್ಲೂಕು ಕಚೇರಿಯಲ್ಲಿ ಕೂತು ರೆಜಿಸ್ಟರು ಬರೆಯುವ ಜಾಗ ಖಾಲಿ ಇದೆ, ಒಪ್ಪಿಗೆ ಇದ್ದರೆ ಒಂದು ವಾರದೊಳಗೆ ತಿಳಿಸಬೇಕು, ಇಲ್ಲವಾದರೆ ಅದು ಬೇರೆಯವರಿಗೆ ಹೋಗುತ್ತದೆ. ಎಲ್ಲರೂ ಒಪ್ಪಿಕೋ ಎಂದರು. ಒಪ್ಪದೆ, ನಾಳೆ ಕಾಲೂ ಕೈಕೊಟ್ಟರೆ ನೌಕರಿಯನ್ನೇ ಬಿಡಬೇಕಾಗುತ್ತಿತ್ತು. ಅವಳು ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ ಮಧ್ಯಾಹ್ನ ನನ್ನಿಂದ ಕನ್ನಡ ಯಂತ್ರವನ್ನು ಮನೆಗೆ ತರಿಸಿದಳು. ಮಂಚದ ಪಕ್ಕದ ಸ್ಟೂಲಿನ ಮೇಲೆ ಇಟ್ಟುಕೊಂಡು ನಾನು ಕೂತೆ. ಅವಳು ಹೇಳತೊಡಗಿದಳು. ಕೂತು ಮಾಡುವ ಕೆಲಸ ನನಗೆ ಬೇಡ. ಎಲುಬು ಕೂಡಿದ ಕೂಡಲೇ ನನ್ನ ಹಳ್ಳಿಗಳಿಗೇ ಹಾಜರಾಗುತ್ತೇನೆ.

ನನ್ನ ಬೆರಳು ನಿಂತವು. ಇಪ್ಪತ್ತು ವರ್ಷ ಯಾರು ಏನು ಹೇಳಿದರೂ ಟೈಪ್ ಮಾಡಿದ ಬೆರಳುಗಳು.

“ಯಾಕ ನಿಲ್ಲಿಸಿದ್ರಿ?”

“ಮನೋರಮಾ, ಆ ಚೀಟಿ ನಿಂದಲ್ಲ. ನಂದು.”

ಒಂದೂ ಬಿಡದೆ ಹೇಳಿದೆ. ಗೇಟು, ಎಡಗಡೆಯ ಜೇಬು, ಬಲಗಡೆಯ ಜೇಬು, ನನ್ನ ಆಲಸ್ಯ, ಎಲ್ಲ. ಅವಳು, “ಎರಡೂ ಚೀಟಿ ಬಿಡಿಸಿಕೊಂಡು ಬರ್ರಿ,” ಎಂದಳು. ಒದ್ದೆ ಬಟ್ಟೆ ಒತ್ತಿ ಬಿಡಿಸಿ ತಂದೆ. ಚಾಳೀಸು ಹಾಕಿಕೊಂಡು ಎರಡನ್ನೂ ಓದಿದಳು. ಮತ್ತೊಮ್ಮೆ ಓದಿದಳು.

“ನಿಮ್ಮ ಚಪ್ಪಲಿ ತರ್ರಿ.”

“ಹೊಡೀತೀ ಏನು?”

“ತರ್ರಿ ಅಂದೆ.”

ಹೊಡೆದರೆ ಹೊಡೆಸಿಕೊಳ್ಳಬೇಕೆಂದು ನಿಶ್ಚಯಿಸಿಯೇ ತಂದುಕೊಟ್ಟೆ. ಅವಳು ಅದನ್ನು ಬೋರಲು ಹಿಡಿದಳು. ಹಿಮ್ಮಡಿ ಸವೆದು ಕಾಗದದಂತಾಗಿತ್ತು, ಉಂಗುಷ್ಠದ ಹತ್ತಿರ ನಾಲ್ಕು ಕಡೆ ಹೊಲಿಗೆ ಬಿದ್ದಿತ್ತು.

“ಮಾರ್ಚಿನಿಂದ ಇದು ಎಷ್ಟನೇ ಜೋಡು?”

“ಮೂರನೇದು.”

“ಆರು ತಿಂಗಳು ನಾ ಏನ ಮಾಡೇನಿ ಹೇಳ್ರಿ. ಸುಮ್ಮನ ಬಿದ್ಕೊಂಡೇನಿ. ನೀವು ಏನ ಮಾಡೀರಿ? ನಡದೀರಿ. ಒಂದ ದಿನ ಜ್ವರ ಬಂದು ಮಲಗಲಿಲ್ಲ, ಒಂದ ಐತವಾರ ತಪ್ಪಿಸಲಿಲ್ಲ.” ಅವಳಿಗೆ ನಗು ಬರಹತ್ತಿತು. ನಗುವಾಗ ಕಾಲು ನೋಯುತ್ತದೆಂದು ಮಂಚದ ಕೋಲು ಹಿಡಿದುಕೊಂಡು ನಕ್ಕಳು. “ನೀವು ಬರೇ ಕಾಗದ ಬದಲಿ ಮಾಡೀರಿ. ಅವ ಯಾರಿಗೆ ಏನ ಕೊಡಬೇಕಾಗಿತ್ತೋ ಅವರಿಗೇ ಕೊಟ್ಟಾನ.”

ನಾನು ಚಪ್ಪಲಿ ನೋಡಿದೆ. ಆರು ತಿಂಗಳ ನೀರು, ರೊಟ್ಟಿ, ಎರೆಹೊಲದ ದಾರಿ ಎಲ್ಲ ಅದರಡಿ ಇತ್ತು. ಶಿಕ್ಷೆ ಎಂದುಕೊಂಡು ನಡೆದದ್ದೆಲ್ಲ ನನಗೆ ಸಿಕ್ಕ ಮಾತಿನ ನೆರವೇರಿಕೆಯಾಗಿತ್ತು, ನನಗೇ ಗೊತ್ತಾಗಿರಲಿಲ್ಲ. ನಾನು ಅತ್ತೆ. ಅದನ್ನು ಬರೆಯಲು ಈಗ ನಾಚಿಕೆಯಿಲ್ಲ.

ಸುಧಾರಿಸಿಕೊಂಡ ಮೇಲೆ ಯಂತ್ರದಲ್ಲಿದ್ದ ಅರ್ಧ ಪತ್ರ ಕಣ್ಣಿಗೆ ಬಿತ್ತು. ನಡೆಯುವ ಮಾತು ನನ್ನದೆಂದಾದ ಮೇಲೆ ಅವಳ ಕಾಲಿಗೆ ಆಧಾರವೇನು? “ಹಂಗಾದ್ರ ಈ ಕಾಗದ ಹರೀಲೇನು?” ಎಂದು ಕೇಳಿದೆ.

“ಯಾಕ ಹರೀತೀರಿ? ನನ್ನ ಚೀಟ್ಯಾಗ ಏನೈತಿ? ಸುಮ್ಮನಿದ್ದು ನಾನ ದೇವರು ಅಂತ ತಿಳ್ಕೋ ಅಂತ ಐತಿ. ಆರು ತಿಂಗಳು ಬಿದ್ಕೊಂಡು ಅದನ್ನ ತಿಳ್ಕೊಂಡೇನಿ. ತಿಳ್ಕೊಂಡಮ್ಯಾಲೂ ಹೆದರಿ ಕುಂತರ ತಿಳ್ಕೊಂಡದ್ದರ ಏನು? ಟೈಪ್ ಮಾಡ್ರಿ.”

ಮಾಡಿದೆ. ಆ ಪತ್ರದಲ್ಲಿ ಒಂದೂ ತಪ್ಪಿರಲಿಲ್ಲ. ನನಗೆ ಒಪ್ಪಿಗೆಯಾದ ಟೈಪಿಂಗ್ ಕೆಲಸ ನನ್ನ ಜೀವನದಲ್ಲಿ ಅದೊಂದೇ. ಸುಮ್ಮನಿರುವುದೆಂದರೆ ನನ್ನ ಕುರ್ಚಿಯಲ್ಲಿ ಕೂಡುವುದು ಎಂದು ತಿಳಿದಿದ್ದ ನನಗೆ, ಮಂಚದ ಮೇಲಿನ ಆ ಹೆಂಗಸಿನ ಸುಮ್ಮನಿರುವಿಕೆ ಬೇರೆಯೇ ಜಾತಿಯದೆಂದು ಗೊತ್ತಾಯಿತು. ನವಿಲುತೀರ್ಥದ ಅಣೆಕಟ್ಟಿನಲ್ಲಿ ಮಲಪ್ರಭೆ ನಿಂತದ್ದಕ್ಕೇ ಅಲ್ಲವೇ ಅಷ್ಟು ಊರುಗಳ ಕಾಲುವೆಗಳು ಹರಿಯುವುದು.

ಮುಂದಿನ ತಿಂಗಳ ಎಕ್ಸ್‌ರೇಯಲ್ಲಿ ಎಲುಬು ಕೂಡಿತ್ತು. ಡಾಕ್ಟರು ಈ ಸಲವೂ ಫಿಲ್ಮನ್ನು ಬಹಳ ಹೊತ್ತು ನೋಡಿದರು, ಆದರೆ ಮುಖ ಬೇರೆಯಾಗಿತ್ತು. ಮೊದಲು ಎರಡು ಕೋಲು, ಆಮೇಲೆ ಒಂದು, ಆಮೇಲೆ ನನ್ನ ಭುಜ. ಡಿಸೆಂಬರಿನ ಎರಡನೆಯ ವಾರ ಅವಳು ಡಬ್ಬಿ ಹೆಗಲಿಗೆ ಹಾಕಿ, ಬಸ್ಸಿಳಿದು, ಅದೇ ಹಳ್ಳದ ಅದೇ ಹಾಸುಗಲ್ಲುಗಳ ಮೇಲೆ ಒಂದೊಂದೇ ಹೆಜ್ಜೆ ಇಟ್ಟು ದಾಟಿದಳು. ಒಂದಿಷ್ಟು ಕುಂಟುತ್ತಿದ್ದಳು. ಆಚೆ ದಂಡೆಯಲ್ಲಿ ಹೆಂಗಸರು ಕೂಸುಗಳನ್ನು ಎತ್ತಿಕೊಂಡು ನಿಂತಿದ್ದರು. ನಾನು ಐತವಾರ ಐತವಾರ ಗುಳಿಗೆ ನುಂಗಿದಿರೇನು ಎಂದು ಕೇಳುವಾಗ ಹೊಟ್ಟೆಯಲ್ಲಿದ್ದ ಕೂಸುಗಳು ಅವು. ಆ ಮುದುಕಿ ಈ ಸಲ ಕೂಗಲಿಲ್ಲ. ಹತ್ತಿರ ಬಂದು ಮನೋರಮಾಳ ಮೊಣಕಾಲು ಮುಟ್ಟಿ, “ಬಂದಿ ಏನ ನಮ್ಮವ್ವ,” ಎಂದಳು.

ಗಂಗವ್ವನವರು ಹೊತ್ತ ಹರಕೆ ತೀರಿಸಲು ಸವದತ್ತಿಗೆ ಹೊರಟಾಗ ಮನೋರಮಾ ಅವರಿಗೆ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಟ್ಟಳು. “ನಿಮ್ಮ ದೇವರ ಮಾತ ನಡಸಿದನಲ್ಲ, ನನ್ನ ಮಾತ ನಾ ನಡಸಬೇಕಲ್ರಿ,” ಎಂದು ಹೇಳಿ ಅವರು ಬಸ್ಸು ಹತ್ತಿದರು.

ಮತ್ತೆ ಹೊಸ ವರ್ಷ ಬಂತು. ನಾನು ಎಂದಿನಂತೆ ಚೀಟಿ ಟೈಪ್ ಮಾಡಿ ಸುರುಳಿ ಸುತ್ತಿದೆ. ಮನೋರಮಾ ಚಾಳೀಸಿಗೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡು, ನನ್ನ ಎರಡೂ ಜೇಬು ಮುಟ್ಟಿ ನೋಡಿ ಹೊರಟಳು. ಯಾವ ಮಾತು ಬರುತ್ತದೋ ನನಗೆ ಗೊತ್ತಿರಲಿಲ್ಲ, ತಿಳಿಯುವ ಅವಸರವೂ ಇರಲಿಲ್ಲ. ಬುಟ್ಟಿಗೆ ಕೈ ಹಾಕುವ ಮೊದಲೇ, ಹಿಂದಿನ ದಿನ ಸಂಜೆ, ನಾನು ಹೊಸ ಚಪ್ಪಲಿ ಕೊಂಡು ತಂದಿದ್ದೆ.